ಗುಬ್ಬಿ ಹಿಂಡಿನೊಳಗಿನ ನೆಂಟರು

ಎಲ್ಲರಿಗೂ ನಮಸ್ಕಾರ. ಹಕ್ಕಿ ಬಗ್ಗೆ ಮಾತಾಡಿ ಅಂದರು, ಒಪ್ಪಿಕೊಂಡು ಬಂದಿದ್ದೀನಿ. ನಾನು ವಿಜ್ಞಾನಿ ಅಲ್ಲ, ಹೊಲದ ಬದುವಿನ ಮೇಲೆ ಕೂತು ನೋಡಿದವನು, ಅಷ್ಟೇ.

ಚಿಕ್ಕವನಿದ್ದಾಗ ದಸರಾ ರಜೆ ಬಂತು ಅಂದರೆ ಸಜ್ಜೆ ಹೊಲದಲ್ಲಿ ಹಕ್ಕಿ ಕಾಯೋದು ನನ್ನ ಕೆಲಸ. ಅಟ್ಟಣಿಗೆ ಮೇಲೆ ನಿಂತು ಡಬ್ಬಿ ಬಾರಿಸಬೇಕು, ಗಂಟಲು ಹರಿಯೋ ಹಾಗೆ ಕೂಗಬೇಕು. ಕವಣೆ ಬೀಸೋದು ಅಜ್ಜನ ಪಾಲು. ತೆನೆ ಮೇಲೆ ಇಳಿದಿದ್ದೆಲ್ಲ ನಮಗೆ ಗುಬ್ಬಿಯೇ. ಒಂದು ದಿನ ಕವಣೆ ಕಲ್ಲು ತಗುಲಿ ಒಂದು ಬಿತ್ತು. ಎತ್ತಿಕೊಂಡೆ, ಇನ್ನೂ ಬೆಚ್ಚಗಿತ್ತು. ಮಾಸಲು ಕಂದು ಮೈ, ದಪ್ಪ ಕೊಕ್ಕು, ಗುಬ್ಬಿಗಿಂತ ಉದ್ದ ಬಾಲ, ಆ ಬಾಲದ ಬುಡಕ್ಕೆ ಮಾತ್ರ ಅರಿಸಿನ ಸವರಿದ ಹಾಗೆ ಹಳದಿ.

"ಅಜ್ಜಾ, ಇದು ಗುಬ್ಬಿ ಅಲ್ಲ ನೋಡು."

"ಗುಬ್ಬೀನ ಐತಿ. ಯಾರದರ ಲಗ್ನಕ್ಕ ಹೋಗಿ ಬಂದಿರಬೇಕು."

ಅದು ಬಂಟಿಂಗ್ ಅನ್ನೋ ಹಕ್ಕಿ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಕಪ್ಪು ತಲೆಯದು, ಕೆಂಪು ತಲೆಯದು ಅಂತ ಎರಡು ಜಾತಿ ನಮ್ಮ ಕಡೆ ಬರುತ್ತವೆ. ಕಪ್ಪು ತಲೆಯದು ಮರಿ ಮಾಡೋದು ಆಗ್ನೇಯ ಯುರೋಪಿನಿಂದ ಇರಾನಿನವರೆಗಿನ ಸೀಮೆಯಲ್ಲಿ, ಕೆಂಪು ತಲೆಯದು ಮಧ್ಯ ಏಷ್ಯಾದಲ್ಲಿ. ಅಷ್ಟು ದೂರದಿಂದ ಬಂದು ನಮ್ಮ ಹೊಲದ ತೆನೆಗೆ ಕೊಕ್ಕು ಹಾಕುತ್ತಿದ್ದ ಹಕ್ಕಿಯನ್ನು ನಾವು ಡಬ್ಬಿ ಬಾರಿಸಿ ಓಡಿಸುತ್ತಿದ್ದೆವು. ಈ ಎರಡರ ಹೆಣ್ಣುಗಳನ್ನು ದೂರದಿಂದ ನೋಡಿ ಇದು ಇಂಥದ್ದೇ ಅನ್ನೋದು ಇವತ್ತಿಗೂ ನನ್ನ ಕೈಲಾಗಲ್ಲ, ಬಿಡಿ.

ಗುಬ್ಬಿಗಳು ವಲಸೆ ಹೋಗಲ್ವಾ ಅಂತ ಕೇಳ್ತೀರಿ. ನಮ್ಮವು ಹೋಗಲ್ಲ, ವರ್ಷಪೂರ್ತಿ ಇದೇ ಊರು. ಆದರೆ ಮಧ್ಯ ಏಷ್ಯಾದಲ್ಲಿ ಇದೇ ಗುಬ್ಬಿಯ ಒಂದು ಉಪಜಾತಿ ಇದೆ, ಅದು ಚಳಿಗಾಲಕ್ಕೆ ಪಾಕಿಸ್ತಾನ ಮತ್ತು ವಾಯುವ್ಯ ಭಾರತಕ್ಕೆ ಇಳಿಯುತ್ತದೆ.

ದೂರದಿಂದ ಬರೋ ಇನ್ನೊಂದು ನೆಂಟ ಗುಲಾಬಿ ಕಬ್ಬಕ್ಕಿ, ಮೈನಾ ಬಳಗದ್ದು. ಅದು ಬಂದರೆ ಗೊತ್ತಾಗದೇ ಇರಲ್ಲ. ಹೊಗೆ ಎದ್ದ ಹಾಗೆ ಹಿಂಡು ಏಳುತ್ತದೆ, ತಿರುಗುತ್ತದೆ, ಪಕ್ಕದ ಜಾಲಿ ಮರದಲ್ಲಿ ಕೂತು ಒಂದೇ ಸಮ ಗಲಾಟೆ. ಎಲ್ಲವೂ ಗುಲಾಬಿ ಬಣ್ಣ ಇರುತ್ತವೆ ಅಂದುಕೊಳ್ಳಬೇಡಿ, ಆ ವರ್ಷದ ಮರಿಗಳು ಮಣ್ಣಿನ ಬಣ್ಣದವು. ಇದು ಜೋಳ ತಿನ್ನುತ್ತದೆ ಅಂತ ನಮ್ಮವರು ಬೈತಾರೆ. ಚೀನಾದ ಶಿನ್‌ಜಿಯಾಂಗಿನಲ್ಲಿ ಇದೇ ಹಕ್ಕಿ ಮಿಡತೆ ತಿನ್ನುತ್ತದೆ ಅಂತ ಗೂಡಿಗೆ ಕಲ್ಲು ಒಟ್ಟಿ ಕೊಡ್ತಾರೆ!

ಮಾಗಡಿ ಕೆರೆ ಹೇಗೂ ನಿಮಗೆ ಗೊತ್ತು. ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನದು, 2024ರಲ್ಲಿ ರಾಮ್ಸಾರ್ ಪಟ್ಟಿಗೂ, ಅಂದರೆ ಜಗತ್ತಿನ ಮುಖ್ಯ ಜೌಗು ತಾಣಗಳ ಪಟ್ಟಿಗೂ ಸೇರಿತು. ಹಿಮಾಲಯ ದಾಟಿ ಬರೋ ಪಟ್ಟೆತಲೆ ಹೆಬ್ಬಾತು ನೋಡೋಕೆ ಅಲ್ಲಿ ಜನ ಸೇರುತ್ತಾರೆ. ನೋಡಬೇಕಾದ್ದೇ. ಆದರೆ ನನಗೆ ಈ ಸಣ್ಣವೇ ಇಷ್ಟ, ಇವನ್ನು ನೋಡೋಕೆ ಯಾರೂ ಬಸ್ ಹತ್ತಲ್ಲ.

ನಾಳೆ ಬೆಳಿಗ್ಗೆ ಆರಕ್ಕೆ ಊರ ಹೊರಗಿನ ಹೊಲಕ್ಕೆ ಹೋಗೋಣ. ಬಿಳಿ ಅಂಗಿ ಬೇಡ. ಬೈನಾಕ್ಯುಲರ್ ಇರೋದು ಒಂದೇ, ಪಾಳಿ ಮೇಲೆ ನೋಡೋಣ. ಮೊದಲು ಬಾಲದ ಬುಡ ನೋಡಿ.