ಉದ್ದ ಜಡೆಯ ಹಳೆ ಕಪ್ಪು: ಡೈ ತೆಗೆಯುವ ಕೆಲಸ ತುದಿಯಿಂದ ಯಾಕೆ ಶುರುವಾಗಬೇಕು

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಕೆಲವರು ಪಾರ್ಲರ್ ನಡೆಸುವವರು, ಕೆಲವರು ಸ್ವಂತ ಜಡೆಯ ಚಿಂತೆ ಹೊತ್ತು ಬಂದವರು. ಇಬ್ಬರಿಗೂ ಮೊದಲು ಒಂದು ಲೆಕ್ಕ.

ತಲೆಗೂದಲು ತಿಂಗಳಿಗೆ ಸುಮಾರು ಒಂದೂಕಾಲು ಸೆಂಟಿಮೀಟರ್ ಬೆಳೆಯುತ್ತದೆ, ವರ್ಷಕ್ಕೆ 15 ಸೆಂ.ಮೀ. ಹಾಗಾದರೆ 75 ಸೆಂ.ಮೀ. ಉದ್ದದ ಜಡೆಯ ತುದಿಗೆ ಐದು ವರ್ಷ ವಯಸ್ಸು. ತಿಂಗಳಿಗೊಮ್ಮೆ ಬುಡದಿಂದ ತುದಿಯವರೆಗೆ ಡೈ ಎಳೆದಿದ್ದರೆ ಆ ತುದಿ 60 ಸಲ ಬಣ್ಣ ಕುಡಿದಿದೆ, ನಡುಭಾಗ 30 ಸಲ, ಬೈತಲೆಯ ಪಕ್ಕದ ಒಂದು ಇಂಚು ಒಂದೋ ಎರಡೋ ಸಲ. ಕನ್ನಡಿಯಲ್ಲಿ ನೋಡಿದರೆ ಎಲ್ಲವೂ ಒಂದೇ ಕಪ್ಪು. ತೆಗೆಯಲು ಹೊರಟಾಗ ಮಾತ್ರ ಅವು ಮೂರು ಬೇರೆ ಬೇರೆ ಕೂದಲು. ಇಡೀ ತಲೆಗೆ ಒಂದೇ ಸಲಕ್ಕೆ ಬ್ಲೀಚ್ ಬಳಿದರೆ ಬುಡ ಕಿತ್ತಳೆ, ನಡು ಇಟ್ಟಿಗೆಗೆಂಪು, ತುದಿ ಹಳೆಯ ಕಪ್ಪೇ. ಆ ತುದಿಯನ್ನೂ ತಿಳಿಯಾಗಿಸುತ್ತೇನೆಂದು ಹಟ ಹಿಡಿದರೆ ಅದು ಉದುರಿ ಕೈಗೆ ಬರುತ್ತದೆ.

ಕೂದಲಿನೊಳಗೆ ಏನಾಗಿದೆ ಎಂದು ನೋಡೋಣ. ಪ್ರತಿ ಎಳೆಯ ಹೊರಪದರ ಮಂಗಳೂರು ಹೆಂಚು ಹೊದಿಸಿದ ಮಾಡಿನಂತೆ, ಒಂದರ ಮೇಲೊಂದು ಬಿಲ್ಲೆ. ಕ್ಷಾರ ತಾಗಿದಾಗ ಬಿಲ್ಲೆಗಳು ಏಳುತ್ತವೆ. ಪಿಪಿಡಿ ಎಂದು ಕರೆಯುವ ಪ್ಯಾರಾಫಿನೈಲಿನ್‌ಡೈಅಮೈನ್‌ನಂಥ ಬಣ್ಣವಿಲ್ಲದ ಸಣ್ಣ ಅಣುಗಳು ಆ ಸಂದಿನಲ್ಲಿ ಒಳಗೆ ನುಗ್ಗುತ್ತವೆ. ಅಲ್ಲಿ ಡೈಯಲ್ಲಿ ಬೆರೆಸಿದ ಪೆರಾಕ್ಸೈಡ್ ಅವನ್ನು ಒಂದಕ್ಕೊಂದು ಬೆಸೆದು ದೊಡ್ಡದು ಮಾಡುತ್ತದೆ. ದೊಡ್ಡದಾದ ಮೇಲೆ ಹೊರಬರಲು ದಾರಿಯಿಲ್ಲ. ಶಾಂಪೂವಿಗೆ ಹಳೆಯ ಡೈ ಜಗ್ಗದಿರುವುದು ಇದಕ್ಕೇ. ಕಪ್ಪಿನ ಮೇಲೆ ತಿಳಿ ಕಂದು ಡೈ ಹಚ್ಚಿದರೂ ಕಪ್ಪು ತಿಳಿಯಾಗುವುದಿಲ್ಲ. ಒಂದು ಡೈ ಇನ್ನೊಂದು ಡೈಯನ್ನು ಎತ್ತುವುದಿಲ್ಲ, ಹೊಸದಾಗಿ ಬೆಳೆದ ಬುಡ ಮಾತ್ರ ಕೆಂಪಗೆ ಹೊಳೆಯುತ್ತದೆ.

ಈಗ, ತಲೆಯ ಮೇಲೆ ಇರುವುದು ಯಾವ ಕಪ್ಪು? ನಮ್ಮ ಕಡೆ ಎಡವುವುದು ಇಲ್ಲೇ. "ಡೈ ಅಲ್ಲ, ಕಪ್ಪು ಮೆಹಂದಿ ಹಚ್ಚೋದು" ಅನ್ನುತ್ತಾರೆ. ಮದರಂಗಿ ಎಲೆ ಎಂದೂ ಕಪ್ಪು ಬಣ್ಣ ಕೊಡುವುದಿಲ್ಲ, ಅದು ಕೊಡುವುದು ಕೆಂಪು. ಹತ್ತಿಪ್ಪತ್ತು ನಿಮಿಷಕ್ಕೆ ಅಚ್ಚಕಪ್ಪಾದರೆ ಆ ಪೊಟ್ಟಣದಲ್ಲಿ ಪಿಪಿಡಿ ಇದೆ ಎಂದೇ ಹಿಡಿಯಿರಿ. ಅದು ಡೈಯ ಬಣ್ಣ ಕಳೆಯುವ ಕಲರ್ ರಿಮೂವರ್‌ಗೆ ಬಗ್ಗುತ್ತದೆ. ಶುದ್ಧ ಮದರಂಗಿಯ ಮೇಲೆ ನೀಲಿ ಎಲೆಪುಡಿ, ಅಂದರೆ ಇಂಡಿಗೊ, ಹಚ್ಚಿ ಕಪ್ಪು ಮಾಡಿದ ಕೂದಲಿನ ಕಥೆಯೇ ಬೇರೆ. ಮದರಂಗಿಯ ಬಣ್ಣ ಕೂದಲಿನ ಪ್ರೋಟೀನ್‌ಗೇ ಅಂಟಿಕೊಂಡಿರುತ್ತದೆ, ಇಂಡಿಗೊ ಮೇಲೆ ಬ್ಲೀಚ್ ಬಿದ್ದರೆ ಹಸಿರು ಛಾಯೆ ಬರಬಹುದು. ಅಂಥ ಜಡೆಗೆ ಬೆಳೆಸಿ ಕತ್ತರಿಸುವುದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ.

ಮೂರನೆಯದು ಅಪಾಯದ್ದು: ಸೀಸ, ಬೆಳ್ಳಿ, ತಾಮ್ರದಂಥ ಲೋಹದ ಲವಣ ಬೆರೆತ ಬಣ್ಣ. ಪರೀಕ್ಷೆ ಹಳೆಯದು, ಖರ್ಚಿಲ್ಲದ್ದು. ಗಾಜಿನ ಬಟ್ಟಲಲ್ಲಿ 30 ಮಿ.ಲೀ. 20 ವಾಲ್ಯೂಮ್ ಡೆವಲಪರ್ (ಡೈಗೆ ಬೆರೆಸುವ ಪೆರಾಕ್ಸೈಡ್ ದ್ರಾವಣ; ವಾಲ್ಯೂಮ್ ಅದರ ಬಲದ ಅಳತೆ), ಅದಕ್ಕೆ ಶೇ. 28ರ ಅಮೋನಿಯಾ 20 ಹನಿ. ಕುತ್ತಿಗೆಯ ಮೇಲ್ಭಾಗದಿಂದ ಇಪ್ಪತ್ತು ಎಳೆ ಕತ್ತರಿಸಿ 30 ನಿಮಿಷ ಮುಳುಗಿಸಿಡಿ. ಕಿಟಕಿ ತೆರೆದಿರಲಿ. ದ್ರಾವಣ ಬಿಸಿಯಾದರೆ, ಕುದಿದಂತೆ ನೊರೆ ಬಂದರೆ, ಕೆಟ್ಟ ವಾಸನೆ ಹೊಡೆದರೆ ಅಥವಾ ಕೂದಲು ಥಟ್ಟನೆ ಬಣ್ಣ ಬಿಟ್ಟರೆ ಲೋಹ ಇದೆ. ಆ ತಲೆಗೆ ಪೆರಾಕ್ಸೈಡ್ ಮುಟ್ಟಿಸಲೇಬೇಡಿ.

ಪಿಪಿಡಿ ಡೈ ಎಂದು ಖಾತ್ರಿಯಾದರೆ ಮೊದಲ ಅಸ್ತ್ರ ಕಲರ್ ರಿಮೂವರ್, ಬ್ಲೀಚ್ ಅಲ್ಲ. ಅಂಗಡಿಯಲ್ಲಿ ಎರಡನ್ನೂ ಒಂದೇ ಹೆಸರಲ್ಲಿ ಕೊಡುವವರಿದ್ದಾರೆ, ಲೇಬಲ್ ಓದಿ. ಸೋಡಿಯಂ ಹೈಡ್ರೋಸಲ್ಫೈಟ್ ಅಥವಾ ಸೋಡಿಯಂ ಹೈಡ್ರಾಕ್ಸಿಮೀಥೇನ್‌ಸಲ್ಫಿನೇಟ್ ಅಂತಿದ್ದರೆ ಸರಿ. ಪರ್‌ಸಲ್ಫೇಟ್ ಅಂತಿದ್ದರೆ ಅದು ಬ್ಲೀಚ್ ಪುಡಿ. ರಿಮೂವರ್ ಮಾಡುವುದು ಪೆರಾಕ್ಸೈಡ್ ಮಾಡಿದ್ದರ ತಿರುಗುಮುರುಗು: ಡೈ ಅಣುವಿನ ಬೆಸುಗೆ ಬಿಚ್ಚಿ ಬಣ್ಣ ಕಳೆಯುತ್ತದೆ. ಕೂದಲಿನ ಸಹಜ ಬಣ್ಣವನ್ನು ಅದು ಮುಟ್ಟುವುದಿಲ್ಲ. ಒಣಗಿಸುತ್ತದೆ, ಅಷ್ಟೆ.

ಹಿಂದಿನ ದಿನ, ಲೋಹದ ಅಂಶ ಹಿಡಿದೆಳೆಯುವ ಇಡಿಟಿಎ ಇರುವ ಕ್ಲ್ಯಾರಿಫೈಯಿಂಗ್ (ಕೂದಲಿಗೆ ಅಂಟಿದ್ದನ್ನು ತೊಳೆದು ತೆಗೆಯುವ) ಶಾಂಪೂವಿನಿಂದ ಎರಡು ಸಲ ತೊಳೆದು ಕಂಡೀಷನರ್ ಹಾಕದೆ ಬಿಡಿ. ಬೋರ್‌ವೆಲ್ ನೀರಿನ ಊರಲ್ಲಿ ಈ ಹಂತ ಬಿಡುವಂತಿಲ್ಲ. ಕೂದಲಿಗೆ ಹಿಡಿದ ಕಬ್ಬಿಣ, ತಾಮ್ರದ ಅಂಶ ಮುಂದೆ ಪೆರಾಕ್ಸೈಡ್ ತಾಗಿದಾಗ ಹಾನಿಯನ್ನು ಹೆಚ್ಚಿಸುತ್ತದೆ. ಎಣ್ಣೆಯಂತೂ ಇರಲೇಬಾರದು. ಒಳಪದರದ ಒಂದು ಸಣ್ಣ ಕುಚ್ಚಿನ ಮೇಲೆ ತುದಿ, ನಡು ಎರಡನ್ನೂ ಪರೀಕ್ಷಿಸಿ ಆಮೇಲೆ ಕೈಹಾಕಿ. ಸೊಂಟದುದ್ದದ ದಟ್ಟ ಕೂದಲಿಗೆ ಒಂದು ಪೊಟ್ಟಣ ಸಾಲದು, ಎರಡೋ ಮೂರೋ ಬೇಕು. ಕಲಸಿದ ಮೇಲೆ ಹೆಚ್ಚು ಹೊತ್ತು ಇಡಲು ಬರುವುದಿಲ್ಲವಾದ್ದರಿಂದ ಒಂದೊಂದಾಗಿ ಕಲಸಿ. ತಲೆಯನ್ನು ನಾಲ್ಕು ಭಾಗ ಮಾಡಿ, ತುದಿಯಿಂದ ನಡುವಿಗೆ, ಕೊನೆಗೆ ಬುಡಕ್ಕೆ ಬನ್ನಿ. ಪ್ಲಾಸ್ಟಿಕ್ ಹೊದಿಸಿ ಪೊಟ್ಟಣದಲ್ಲಿ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ 20 ನಿಮಿಷ, ಬಿಡಿ. ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಗಾಬರಿ ಬೇಡ, ಅದು ಗಂಧಕದ್ದು.

ಇಲ್ಲಿಂದ ಮುಂದಿನದೇ ಅಸಲಿ ಕೆಲಸ, ಮತ್ತು ಹೆಚ್ಚಿನವರು ಕೆಡಿಸಿಕೊಳ್ಳುವುದೂ ಇಲ್ಲೇ. ಬೆಸುಗೆ ಬಿಚ್ಚಿದ ಅಣುಗಳು ಕಣ್ಣಿಗೆ ಕಾಣದಿದ್ದರೂ ಇನ್ನೂ ಕೂದಲೊಳಗೇ ಕೂತಿವೆ. ತೊಳೆದು ಹೊರಹಾಕದಿದ್ದರೆ ಗಾಳಿ ತಾಗಿ ಮತ್ತೆ ಬೆಸೆದುಕೊಳ್ಳುತ್ತವೆ. ಸಂಜೆ ತೇಗದ ಬಣ್ಣವಿದ್ದ ಜಡೆ ಮರುದಿನ ಬೆಳಗ್ಗೆ ಕಪ್ಪು! ಗಡಿಯಾರ ನೋಡಿ ಕನಿಷ್ಠ 20 ನಿಮಿಷ ಉಗುರುಬೆಚ್ಚಗಿನ ನೀರು ಬಿಡಿ. ಜಡೆಯನ್ನು ಒಟ್ಟಾಗಿ ಹಿಡಿದರೆ ಒಳಗಿನ ಕೂದಲಿಗೆ ನೀರು ಇಳಿಯುವುದಿಲ್ಲ, ನಾಲ್ಕು ಭಾಗಗಳನ್ನೂ ಬೇರೆ ಬೇರೆ ತೊಳೆಯಬೇಕು. ನಡುವೆ ಎರಡು ಸಲ ಶಾಂಪೂ. ಮುಗಿಯಿತು ಅನ್ನಿಸಿದಾಗ ಒಂದು ಎಳೆಗೆ 10 ವಾಲ್ಯೂಮ್ ಡೆವಲಪರ್ ಒಂದು ಹನಿ ಮುಟ್ಟಿಸಿ ಐದು ನಿಮಿಷ ಕಾಯಿರಿ. ಅದು ಕಪ್ಪಾದರೆ ಮತ್ತೆ ನಲ್ಲಿಯ ಕೆಳಗೆ.

ಹೊರಬರುವುದು ಹುಟ್ಟುಬಣ್ಣವಲ್ಲ, ಇದನ್ನು ಮೊದಲೇ ಹೇಳಿಬಿಡಿ. ಪ್ರತಿ ಡೈಯ ಪೆರಾಕ್ಸೈಡ್ ಒಳಗಿನ ಸಹಜ ಕಪ್ಪನ್ನು ಸ್ವಲ್ಪ ಸ್ವಲ್ಪ ತಿಂದಿರುತ್ತದೆ. ಹಾಗಾಗಿ ಡೈ ಹೋದಾಗ ಕಾಣುವುದು ತಾಮ್ರಗೆಂಪು ಇಲ್ಲವೇ ಕಿತ್ತಳೆ ಬೆರೆತ ಕಂದು. ನರೆತ ಕೂದಲಾದರೆ ಹಳದಿ ಮಿಶ್ರಿತ ಬಿಳಿ. ಬೇಕಾದರೆ ಕೆಲವು ದಿನ ಬಿಟ್ಟು ತುದಿಗಷ್ಟೇ ಇನ್ನೊಂದು ಸುತ್ತು ಮಾಡಬಹುದು.

ಇಷ್ಟಾದರೂ ತುದಿ ಕಪ್ಪಗೇ ಇದ್ದರೆ ಆಗ ಬ್ಲೀಚ್ ಮಾತು. ಮೊದಲು ಕೂದಲಿಗೆ ತಾಳಿಕೆ ಇದೆಯೇ ನೋಡಿ: ಒಂದು ಒದ್ದೆ ಎಳೆಯನ್ನು ಮೆಲ್ಲಗೆ ಎಳೆಯಿರಿ. ಹಿಗ್ಗಿ ವಾಪಸು ಬಂದರೆ ಜೀವ ಇದೆ. ನೆನೆದ ಶಾವಿಗೆಯಂತೆ ಉದ್ದಕ್ಕೆ ಹೋಗಿ ತುಂಡಾದರೆ ಅಲ್ಲಿಗೆ ನಿಲ್ಲಿಸಿ. ಸ್ಮೂದನಿಂಗ್, ಸ್ಟ್ರೈಟನಿಂಗ್ ಮಾಡಿಸಿದ ಜಡೆಗೂ ಬ್ಲೀಚ್ ಬೇಡ. ಒಂದೇ ಕೂದಲಿನ ಬೆಸುಗೆಗಳನ್ನು ಎರಡು ಕಡೆಯಿಂದ ಒಡೆದಂತಾಗುತ್ತದೆ. ಹಚ್ಚುವುದಾದರೆ ಪುಡಿ ಒಂದು ಭಾಗ, ಡೆವಲಪರ್ ಎರಡು ಭಾಗ. 20 ವಾಲ್ಯೂಮ್, ಅಂದರೆ ಶೇ. 6, ಅದಕ್ಕಿಂತ ಮೇಲೆ ಹೋಗಬೇಡಿ. ಬೇಗ ಮುಗಿಯಲೆಂದು 40 ವಾಲ್ಯೂಮ್ ಹಾಕುವವರು ಬಣ್ಣಕ್ಕಿಂತ ಮೊದಲು ಕೂದಲನ್ನೇ ಮುಗಿಸುತ್ತಾರೆ. ಇಡೀ ಜಡೆಗೆ ಬಳಿಯುವ ಬದಲು ತೆಳು ತೆಳು ಎಳೆಗಳನ್ನು ಆರಿಸಿ ಫಾಯಿಲ್‌ನಲ್ಲಿ ಮಡಚಿ. ಒಣಗಲು ಬಿಡಬೇಡಿ, ಐದು ನಿಮಿಷಕ್ಕೊಮ್ಮೆ ಬಿಚ್ಚಿ ನೋಡಿ. ನೆತ್ತಿಯ ಕಾವಿಗೆ ಬುಡ ಬೇಗ ತಿಳಿಯಾಗುವುದರಿಂದ ಅದರ ಸರದಿ ಯಾವಾಗಲೂ ಕೊನೆಗೆ. ಒಂದು ಕೂರಿಕೆಗೆ ಕಪ್ಪಿನಿಂದ ಕಿತ್ತಳೆಕಂದಿಗೆ ಬಂದರೆ ಸಾಕು. ಮುಂದಿನದು ಆರು ವಾರ ಬಿಟ್ಟು.

ಮನೆಮದ್ದಿನ ಬಗ್ಗೆ ಎರಡು ಮಾತು. ವಿಟಮಿನ್ ಸಿ ಪುಡಿಯನ್ನು ತಲೆಹೊಟ್ಟಿನ ಶಾಂಪೂವಿನಲ್ಲಿ ಕಲಸಿ ಹಚ್ಚುವುದು ಪೂರ್ತಿ ಸುಳ್ಳಲ್ಲ, ಅದೂ ರಿಮೂವರ್ ಜಾತಿಯದೇ, ಆದರೆ ಬಲ ಕಡಿಮೆ. ಮೊನ್ನೆ ಹಚ್ಚಿದ ಡೈ ಸ್ವಲ್ಪ ಮಾಸಬಹುದು, ಐದು ವರ್ಷದ್ದು ಅಲ್ಲಾಡುವುದಿಲ್ಲ. ಅಡುಗೆ ಸೋಡಾ ಹಾಕಿ ಉಜ್ಜಿದರೆ ಹೋಗುವುದು ಹೊರಪದರ. ಕೊಬ್ಬರಿ ಎಣ್ಣೆ ಡೈ ತೆಗೆಯುವುದಿಲ್ಲ, ಆದರೆ ತೊಳೆಯುವ ಮುಂಚೆ ಹಚ್ಚಿದರೆ ಪ್ರೋಟೀನ್ ಸೋರುವುದನ್ನು ತಗ್ಗಿಸುತ್ತದೆ. ಅದಿರಬೇಕಾದ್ದು ರಿಮೂವರ್ ಆದ ಮೇಲಿನ ವಾರಗಳಲ್ಲಿ.

ಡೈ ಬಿಟ್ಟು ನರೆಯನ್ನೇ ಇಟ್ಟುಕೊಳ್ಳಲು ಹೊರಟವರಿಗೆ ಇಷ್ಟೆಲ್ಲ ಬೇಕಿಲ್ಲ. ಅವರಿಗೆ ಕಷ್ಟ ಕೊಡುವುದು ಬೈತಲೆಯ ಬಿಳಿ ಗೆರೆ ಒಂದೇ. ಬೈತಲೆಯ ಎರಡೂ ಬದಿ, ಹಣೆಯ ಅಂಚಿನಲ್ಲಿ ತೆಳು ಎಳೆಗಳನ್ನಷ್ಟೇ ತಿಳಿಯಾಗಿಸಿದರೆ ಗೆರೆ ಕರಗುತ್ತದೆ. ಹಿಂದಿನ ಜಡೆಯನ್ನು ಮೂರು ತಿಂಗಳಿಗೊಮ್ಮೆ ಎರಡಿಂಚು ಕತ್ತರಿಸುತ್ತ ಹೋಗಿ.

ರಿಮೂವರ್ ಆದ ಮೇಲೆ ಕಿತ್ತಳೆ ಬೇಡ, ಕಂದು ಬೇಕು ಅನ್ನುವವರು ಎರಡು ವಾರ ಕಾಯಲಿ. ಈಗ ಕೂದಲು ಸ್ಪಂಜಿನ ಹಾಗೆ ಬಣ್ಣ ಹೀರುತ್ತದೆ, ಬೇಕಾದ ಬಣ್ಣಕ್ಕಿಂತ ಎರಡು ಲೆವೆಲ್, ಅಂದರೆ ಛಾಯೆಯ ಎರಡು ಮೆಟ್ಟಿಲು, ತಿಳಿಯಾದದ್ದನ್ನೇ ಆರಿಸಿ. ಕಿವಿಯ ಹಿಂದೆ 48 ಗಂಟೆಯ ಅಲರ್ಜಿ ಪರೀಕ್ಷೆ ತಪ್ಪಿಸಬೇಡಿ, ಹಿಂದೆ ಹತ್ತು ವರ್ಷ ಒಗ್ಗಿದ್ದ ಪಿಪಿಡಿ ಹನ್ನೊಂದನೆಯ ವರ್ಷ ಒಗ್ಗದಿರಬಹುದು. ಇನ್ನು ಮುಂದೆ ಬ್ರಷ್ ಬುಡದ ಒಂದು ಇಂಚಿನಲ್ಲೇ ನಿಲ್ಲಲಿ. ಕೊನೆಯ ಐದು ನಿಮಿಷ "ತುದಿಗೂ ಸ್ವಲ್ಪ ಎಳೆದುಬಿಡೋಣ" ಅನ್ನುತ್ತೇವಲ್ಲ, ಆ 60 ಪದರ ಕೂತದ್ದು ಹಾಗೆಯೇ.