ಮಾರ್ಕನ ಸುವಾರ್ತೆ ಎಲ್ಲಿ ಮುಗಿಯುತ್ತದೆ?

ಕೇಳುಗರಿಗೆ ನಮಸ್ಕಾರ. ಮನೆಯಲ್ಲಿ ಕನ್ನಡ ಬೈಬಲ್ ಇದ್ದವರು ಮಾರ್ಕನ ಸುವಾರ್ತೆಯ 16ನೇ ಅಧ್ಯಾಯ ತೆರೆದಿಟ್ಟುಕೊಳ್ಳಿ. ಸಮಾಧಿಯ ಬಳಿಗೆ ಬಂದ ಹೆಂಗಸರು ನಡುಗುತ್ತಾ ಓಡಿಹೋದರು, ಹೆದರಿಕೆಯಿಂದ ಯಾರಿಗೂ ಏನೂ ಹೇಳಲಿಲ್ಲ. ಇದು 8ನೇ ವಚನ. ಆಮೇಲೆ ಬರುವ 12 ವಚನಗಳಲ್ಲಿ ಯೇಸುವಿನ ದರ್ಶನಗಳಿವೆ, ಲೋಕಕ್ಕೆಲ್ಲಾ ಸುವಾರ್ತೆ ಸಾರಿರೆಂಬ ಆಜ್ಞೆಯಿದೆ, ಸ್ವರ್ಗಾರೋಹಣವಿದೆ. ಈ 12 ವಚನಗಳು ಮಾರ್ಕನವೇ?

ನಾಲ್ಕನೇ ಶತಮಾನದಲ್ಲಿ ಚರ್ಮಪತ್ರದ ಮೇಲೆ ಬರೆದ ಗ್ರೀಕ್ ಬೈಬಲಿನ ಎರಡು ಪ್ರತಿಗಳು, ಸಿನಾಯ್ ಪ್ರತಿ ಮತ್ತು ವ್ಯಾಟಿಕನ್ ಪ್ರತಿ, 8ನೇ ವಚನಕ್ಕೇ ನಿಲ್ಲುತ್ತವೆ. ಸಿನಾಯ್ ಬೆಟ್ಟದ ಸಂತ ಕ್ಯಾಥರೀನ್ ಮಠದಲ್ಲಿ 1892ರಲ್ಲಿ ಆಗ್ನೆಸ್ ಸ್ಮಿತ್ ಲೂಯಿಸ್ ಗುರುತಿಸಿದ ಸಿರಿಯಾಕ್ ಭಾಷೆಯ ಹಳೆಯ ಪ್ರತಿಯೂ ಅಲ್ಲಿಗೇ ಮುಗಿಯುತ್ತದೆ. ಇನ್ನೊಂದು ಕಡೆ, ಗ್ರೀಕ್ ಪ್ರತಿಗಳಲ್ಲಿ ನೂರಕ್ಕೆ 99ಕ್ಕೂ ಹೆಚ್ಚಿನವುಗಳಲ್ಲಿ ಈ 12 ವಚನಗಳಿವೆ.

ವಾದ ಮೊದಲು ದಾರಿ ತಪ್ಪುವುದು ಈ ಲೆಕ್ಕದಲ್ಲೇ. ಹಳಗನ್ನಡ ಕಾವ್ಯಗಳನ್ನು ಓಲೆಗರಿಗಳಿಂದ ಸಂಪಾದಿಸಿದವರು ಇದನ್ನು ಚೆನ್ನಾಗಿ ಬಲ್ಲರು: ಒಂದೇ ಮಾತೃಪ್ರತಿಯಿಂದ ಇಳಿದ 500 ನಕಲುಗಳು ಸಾಕ್ಷಿಯ ಮಟ್ಟಿಗೆ ಒಂದೇ ಪ್ರತಿ. ಪ್ರತಿಗಳನ್ನು ಎಣಿಸಿದರೆ ಸಾಲದು, ತೂಗಬೇಕು.

ಹಾಗೆಂದು ಈ ಭಾಗವನ್ನು ಯಾರೋ ಎಷ್ಟೋ ಶತಮಾನಗಳ ನಂತರ ತುರುಕಿದರು ಎನ್ನುವವರ ಮಾತೂ ತಪ್ಪು. ಲಿಯೋನ್ ಪಟ್ಟಣದ ಬಿಷಪ್ ಐರೇನಿಯಸ್ ಸುಮಾರು 180ರಲ್ಲೇ ಇದರ 19ನೇ ವಚನವನ್ನು ಮಾರ್ಕನ ಸುವಾರ್ತೆಯ ಕೊನೆಯಲ್ಲಿ ಬರುವ ಮಾತೆಂದು ಉದಾಹರಿಸಿದ್ದಾನೆ. ಅಂದರೆ ಎರಡನೇ ಶತಮಾನದಲ್ಲಿ ಅದು ಓದಿನಲ್ಲಿತ್ತು. ನಾಲ್ಕನೇ ಶತಮಾನದಲ್ಲಿ ಕೈಸರಿಯದ ಬಿಷಪ್ ಯುಸೇಬಿಯಸ್ ಮಾತ್ರ, ಕರಾರುವಾಕ್ಕಾದ ಪ್ರತಿಗಳು 8ನೇ ವಚನಕ್ಕೇ ಮುಗಿಯುತ್ತವೆ ಎಂಬ ವಾದವನ್ನು ದಾಖಲಿಸುತ್ತಾನೆ. ಈ ಚರ್ಚೆ ಇಂದು ನಿನ್ನೆಯದಲ್ಲ.

ಇನ್ನು ಪಠ್ಯದ ಒಳಗೆ ನೋಡೋಣ. ಮಾರ್ಕನು ಬೇರೆಡೆ ಬಳಸದ ಪದಗಳು ಇಲ್ಲಿ ಹಲವಿವೆ ಎಂದು ಪಟ್ಟಿ ಮಾಡುವುದು ವಾಡಿಕೆ. ಆದರೆ ಯಾವುದೇ 12 ವಚನಗಳನ್ನು ತೆಗೆದುಕೊಂಡರೂ ಒಂದಷ್ಟು ಅಪರೂಪದ ಪದ ಸಿಕ್ಕೇ ಸಿಗುತ್ತದೆ, ಆದ್ದರಿಂದ ಆ ಪಟ್ಟಿಯನ್ನೇ ನೆಚ್ಚಿಕೊಳ್ಳಬಾರದು. ಬೆಸುಗೆಯನ್ನು ನೋಡಬೇಕು. 8ನೇ ವಚನದಲ್ಲಿ ಕ್ರಿಯೆಯೆಲ್ಲಾ ಹೆಂಗಸರದ್ದು. 9ನೇ ವಚನದ ಹಳೆಯ ಗ್ರೀಕ್ ಪಾಠದಲ್ಲಿ ಯೇಸುವಿನ ಹೆಸರೂ ಇಲ್ಲದೆ, "ಎದ್ದು" ಎಂದು ಬೇರೆಯೇ ಕರ್ತೃವಿನ ಮಾತು ಆರಂಭವಾಗುತ್ತದೆ. ಮಗ್ದಲದ ಮರಿಯಳು ಅದೇ ಅಧ್ಯಾಯದ ಮೊದಲ ವಚನದಲ್ಲೇ ಬಂದಿದ್ದಾಳೆ. ಆದರೂ ಇಲ್ಲಿ ಏಳು ದೆವ್ವಗಳನ್ನು ಬಿಡಿಸಿಕೊಂಡವಳು ಎಂದು ಅವಳನ್ನು ಹೊಸದಾಗಿ ಪರಿಚಯಿಸಲಾಗುತ್ತದೆ. 7ನೇ ವಚನ ಗಲಿಲಾಯದಲ್ಲಿ ಕಾಣುವಿರಿ ಎನ್ನುತ್ತದೆ, ಮುಂದೆ ಗಲಿಲಾಯದ ಹೆಸರೇ ಇಲ್ಲ.

ನನಗೆ ಎಲ್ಲಕ್ಕಿಂತ ಗಟ್ಟಿಯಾಗಿ ಕಾಣುವ ಸಾಕ್ಷಿ ಬೇರೆ. ಬೊಬಿಯೆನ್ಸಿಸ್ ಎಂಬ ಹಳೆಯ ಲ್ಯಾಟಿನ್ ಪ್ರತಿಯಲ್ಲಿ ಈ 12 ವಚನಗಳಿಲ್ಲ, ಅವುಗಳ ಬದಲು ಇನ್ನೊಂದು ಚಿಕ್ಕ ಮುಕ್ತಾಯವಿದೆ. ಕೆಲವು ಗ್ರೀಕ್ ಪ್ರತಿಗಳಲ್ಲಿ ಎರಡೂ ಒಂದರ ಹಿಂದೆ ಒಂದಿವೆ. 12 ವಚನಗಳ ಮುಕ್ತಾಯ ಕೈಯಲ್ಲಿದ್ದವನು ಇನ್ನೊಂದನ್ನು ಕಟ್ಟಬೇಕಾದ ಅಗತ್ಯವೇನು? ಕಥೆ ಅರ್ಧಕ್ಕೇ ನಿಂತ ಪ್ರತಿ ಸಿಕ್ಕವರು ಬೇರೆ ಬೇರೆ ಕಡೆ ಬೇರೆ ಬೇರೆಯಾಗಿ ಪೂರ್ತಿ ಮಾಡಿದರು ಎಂದರೆ ಮಾತ್ರ ಇಷ್ಟು ಪಾಠಾಂತರಗಳಿಗೆ ಅರ್ಥ ಬರುತ್ತದೆ.

ಹಾಗಾದರೆ ಮಾರ್ಕನು 8ಕ್ಕೇ ನಿಲ್ಲಿಸಿದನೇ? ಗ್ರೀಕಿನಲ್ಲಿ ಅದರ ಕೊನೆಯ ಪದ "ಗಾರ್", ಅಂದರೆ "ಏಕೆಂದರೆ". ಅದು ವಾಕ್ಯದಲ್ಲಿ ಎರಡನೇ ಸ್ಥಾನದಲ್ಲಿ ಬರುವ ಪದವಾದ್ದರಿಂದ "ಹೆದರಿದ್ದರು ಗಾರ್" ಎಂಬ ಎರಡೇ ಪದದ ವಾಕ್ಯ ವ್ಯಾಕರಣಕ್ಕೆ ಸರಿಯೇ. ಇಡೀ ಪುಸ್ತಕವನ್ನು ಹಾಗೆ ಮುಗಿಸುವುದು ಮಾತ್ರ ಅಪರೂಪ. ಕೊನೆಯ ಹಾಳೆ ಹರಿದುಹೋಗಿರಬಹುದು ಎನ್ನುವವರಿದ್ದಾರೆ. ಹಾಳೆಗಳನ್ನು ಸೇರಿಸಿ ಹೊಲಿದ ಪುಸ್ತಕದಲ್ಲಿ ಹೊರಗಿನ ಹಾಳೆ ಮೊದಲು ಸವೆಯುವುದು ನಿಜ. ಸುರುಳಿಯಾಗಿದ್ದರೆ, ಸರಿಯಾಗಿ ಸುತ್ತಿಟ್ಟಾಗ ಕೊನೆಯ ಭಾಗ ಒಳಗೆ ಭದ್ರವಾಗಿರುತ್ತದೆ. ಮೂಲ ಯಾವ ರೂಪದಲ್ಲಿತ್ತೆಂದು ತಿಳಿಯದೆ ಈ ವಾದ ಮುಂದೆ ಸಾಗದು.

ಇದು ಬರೀ ಪಂಡಿತರ ಜಗಳವಲ್ಲ. "ಹಾವುಗಳನ್ನು ಎತ್ತುವರು" ಎಂಬ 18ನೇ ವಚನವನ್ನು ಅಕ್ಷರಶಃ ನಂಬಿ, ಅಮೆರಿಕದ ಟೆನೆಸಿಯಲ್ಲಿ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಜಾರ್ಜ್ ಹೆನ್ಸ್ಲಿ ಎಂಬ ಬೋಧಕ ಆರಾಧನೆಯಲ್ಲಿ ವಿಷದ ಹಾವು ಹಿಡಿಯುವ ಪದ್ಧತಿಯನ್ನು ಹರಡಿದ. 1955ರಲ್ಲಿ ಹಾವು ಕಚ್ಚಿಯೇ ತೀರಿಕೊಂಡ.

ಇಲ್ಲಿ ಎರಡು ಪ್ರಶ್ನೆಗಳನ್ನು ಬೆರೆಸಬಾರದು. ಯಾರು ಬರೆದರು ಎಂಬುದನ್ನು ಪ್ರತಿಗಳೂ ಭಾಷೆಯೂ ಹೇಳಬೇಕು. ಅದು ಪವಿತ್ರಗ್ರಂಥದ ಭಾಗವೇ ಎಂಬುದನ್ನು ಕ್ರೈಸ್ತ ಸಭೆ ನಿರ್ಧರಿಸುತ್ತದೆ. ಕಥೋಲಿಕ ಸಭೆ 1546ರಲ್ಲಿ ಟ್ರೆಂಟ್ ಮಹಾಸಭೆಯಲ್ಲಿ ಗ್ರಂಥಗಳನ್ನು ಅವುಗಳ ಎಲ್ಲ ಭಾಗಗಳ ಸಮೇತ ಅಂಗೀಕರಿಸಿತು. ಹೀಗಾಗಿ ಈ 12 ವಚನಗಳು ಮಾರ್ಕನ ಕೈಬರಹವಲ್ಲ ಎನ್ನುವ ಕಥೋಲಿಕ ವಿದ್ವಾಂಸರೂ ಪೂಜೆಯಲ್ಲಿ ಅವನ್ನು ಸುವಾರ್ತೆಯೆಂದೇ ಓದುತ್ತಾರೆ.