ಡ್ರಾಯರ್ ಎಳೆದು ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಒಳ್ಳೆಯ ಹಳೆಯ ಮೇಜೊಂದು ಕಣ್ಣಿಗೆ ಬಿದ್ದ ಕೂಡಲೇ ಜನ ಅದರ ಮೈಮೇಲೆ ಕೈಯಾಡಿಸುತ್ತಾರೆ. ‘ಎಂಥಾ ಪಾಲಿಶ್!’ ಎನ್ನುತ್ತಾರೆ. ಪಾಲಿಶ್ ಯಾರು ಬೇಕಾದರೂ ಹಚ್ಚಬಹುದು, ಯಾವಾಗ ಬೇಕಾದರೂ ಹಚ್ಚಬಹುದು. ದಯವಿಟ್ಟು ಡ್ರಾಯರ್ ಎಳೆದು ನೋಡಿ. ಈ ಹೊತ್ತು ನಾನು ಹೇಳಬೇಕೆಂದಿರುವುದು ಇದೊಂದೇ ಮಾತು.

ಬರೆಯುವ ಮೇಜು ಮೊದಲು ಮೇಜಾಗಿರಲಿಲ್ಲ. ಅದೊಂದು ಪೆಟ್ಟಿಗೆ. ಯುರೋಪಿನಲ್ಲಿ ಹಕ್ಕಿಯ ಗರಿಯನ್ನು ಕೊರೆದು, ಶಾಯಿಯಲ್ಲಿ ಅದ್ದಿ ಬರೆಯುತ್ತಿದ್ದ ಕಾಲ. ಗರಿಯಿಂದ ಶಾಯಿ ಹದವಾಗಿ ಇಳಿಯಲು ಕಾಗದ ಇಳಿಜಾರಾಗಿದ್ದರೆ ಅನುಕೂಲ. ಹಾಗಾಗಿ ಪೆಟ್ಟಿಗೆಯ ಮುಚ್ಚಳವನ್ನು ಇಳಿಜಾರಾಗಿ ಮಾಡಿದರು. ಮೇಲೆ ಬರೆಯುವುದು, ಒಳಗೆ ಕಾಗದ ಇಡುವುದು. ಆದರೆ ಒಳಗಿನಿಂದ ಒಂದು ಹಾಳೆ ತೆಗೆಯಬೇಕೆಂದರೆ ಮೇಲಿದ್ದದ್ದನ್ನೆಲ್ಲ ಎತ್ತಬೇಕು! ಮುಚ್ಚಳದ ಕೀಲು ಮೇಲಂಚಿನಲ್ಲಿತ್ತಲ್ಲ, ಅದಕ್ಕೆ ಈ ಫಜೀತಿ. ಆಮೇಲೆ ಯಾರಿಗೋ ಹೊಳೆಯಿತು, ಕೀಲನ್ನು ಕೆಳಗಿನ ಅಂಚಿಗೆ ತಂದರು. ಈಗ ಮುಚ್ಚಳ ನಮ್ಮ ಕಡೆಗೆ ಬೀಳುತ್ತದೆ. ಕೆಳಗಿನಿಂದ ಎರಡು ಮರದ ಪಟ್ಟಿಗಳನ್ನು ಎಳೆದರೆ ಅವು ಅದನ್ನು ಹೊತ್ತು ನಿಲ್ಲುತ್ತವೆ. ಬರೆಯಲು ಸಮತಟ್ಟಾದ ಹಲಗೆಯೂ ಸಿಕ್ಕಿತು, ಎದುರಿಗೆ ಗೂಡುಗಳೂ ಸಿಕ್ಕವು. ಪೆಟ್ಟಿಗೆಯ ಕೆಳಗೆ ಡ್ರಾಯರುಗಳ ಸಾಲು ಇಟ್ಟರೆ ಬ್ಯೂರೋ ಎಂಬ ಬರೆಯುವ ಮೇಜು ತಯಾರು. ಒಂದು ಕೀಲಿನ ಜಾಗ ಬದಲಾದದ್ದರಿಂದ ಹೊಸದೊಂದು ಪೀಠೋಪಕರಣವೇ ಹುಟ್ಟಿತು.

ಇನ್ನು ಡ್ರಾಯರಿಗೆ ಬರೋಣ. ಮರಕ್ಕೆ ಒಂದು ಗುಣವಿದೆ. ಗಾಳಿಯಲ್ಲಿ ತೇವ ಏರಿದರೆ ಹಲಗೆ ಅಗಲಕ್ಕೆ ಹಿಗ್ಗುತ್ತದೆ, ಒಣಹವೆಗೆ ಕುಗ್ಗುತ್ತದೆ. ಉದ್ದ ಮಾತ್ರ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ಈ ಗುಣಕ್ಕೆ ಎದುರು ನಿಂತ ಬಡಗಿಯ ಹಲಗೆ ಸೀಳುತ್ತದೆ, ಅದಕ್ಕೆ ಜಾಗ ಬಿಟ್ಟವನ ಕೆಲಸ ಇನ್ನೂರು ವರ್ಷ ನಿಲ್ಲುತ್ತದೆ. ಡ್ರಾಯರಿನ ಮೂಲೆ ನೋಡಿ. ಎರಡು ಕೈಗಳ ಬೆರಳು ಹೆಣೆದ ಹಾಗೆ ಹಲಗೆಗಳು ಒಂದರೊಳಗೊಂದು ಕೂತಿರುತ್ತವೆ. ಇದು ಡವ್‌ಟೇಲ್ ಜೋಡಣೆ. ನಾವು ಎಳೆಯುವ ದಿಕ್ಕಿಗೆ ಅದು ಬಿಚ್ಚುವುದೇ ಇಲ್ಲ. ಇಂಗ್ಲೆಂಡಿನಲ್ಲಿ 17ನೇ ಶತಮಾನದ ಉತ್ತರಾರ್ಧದಲ್ಲಿ ಇದು ಡ್ರಾಯರುಗಳಿಗೆ ರೂಢಿಯಾಯಿತು; ಅದಕ್ಕೆ ಮೊದಲು ಮೊಳೆ ಹೊಡೆಯುತ್ತಿದ್ದರು. ಈಗ ತಳದ ಹಲಗೆ ನೋಡಿ. ಒಳ್ಳೆಯ ಕೆಲಸದಲ್ಲಿ ಅದಕ್ಕೆ ಸುತ್ತ ಅಂಟು ಹಾಕಿರುವುದಿಲ್ಲ. ಪಕ್ಕದ ಹಲಗೆಗಳಲ್ಲಿ ಕೊರೆದ ಸಣ್ಣ ತೋಡಿನಲ್ಲಿ ಸುಮ್ಮನೆ ಕೂತಿರುತ್ತದೆ, ಹಿಗ್ಗಲಿ ಕುಗ್ಗಲಿ ಎಂದು ಬಿಟ್ಟಿರುತ್ತಾರೆ. ಯಾರೂ ನೋಡದ ಜಾಗದಲ್ಲಿ ಇಷ್ಟು ಯೋಚಿಸಿದವನು ಮೇಲ್ಮೈಯಲ್ಲಿ ಮೋಸ ಮಾಡುವುದಿಲ್ಲ.

ನನಗೆ ಅತ್ಯಂತ ಪ್ರಿಯವಾದ ಕತೆಗೆ ಈಗ ಬರುತ್ತೇನೆ. ಫ್ರಾನ್ಸಿನ ದೊರೆ 15ನೇ ಲೂಯಿ 1760ರಲ್ಲಿ ವರ್ಸೈ ಅರಮನೆಯ ತನ್ನ ಖಾಸಗಿ ಕೋಣೆಗೆ ಒಂದು ಮೇಜು ಬೇಕೆಂದ. ಕೆಲಸ ಹಿಡಿದವನು ಜರ್ಮನ್ ನಾಡಿನಿಂದ ಬಂದಿದ್ದ ಜಾನ್ ಫ್ರಾನ್ಸ್ವಾ ಓಬೆನ್. ದೊರೆಯ ಬೇಡಿಕೆ ಸಣ್ಣದಾಗಿ ಕಾಣುತ್ತದೆ: ಎದ್ದು ಹೋಗುವಾಗ ಕಾಗದ ಪತ್ರ ಜೋಡಿಸುತ್ತ ಕೂರುವ ಹಾಗಿರಬಾರದು, ಬೇರೆಯವರ ಕಣ್ಣಿಗೂ ಬೀಳಬಾರದು. ಓಬೆನ್ ಕಂಡುಕೊಂಡ ಉತ್ತರ ಬಾಗಿದ ಮುಚ್ಚಳ. ಎಳೆದರೆ ಅದು ಇಡೀ ಮೇಜನ್ನು ಮುಚ್ಚಿಬಿಡುತ್ತದೆ. ಒಂದೇ ಕೀಲಿ. ಅದನ್ನು ಕಾಲು ಸುತ್ತು ತಿರುಗಿಸಿದರೆ ಮುಚ್ಚಳದ ಬೀಗವೂ ಡ್ರಾಯರುಗಳ ಬೀಗವೂ ಒಟ್ಟಿಗೇ ಬಿಚ್ಚುತ್ತವೆ. ಮುಗಿಯಲಿಲ್ಲ. ಶಾಯಿ ತುಂಬಿಸಲು ಆಳು ಬರುತ್ತಾನಲ್ಲ, ಅವನಿಗೆ ಕೀಲಿ ಕೊಡಬೇಕೇ? ಬೇಡ. ಮೇಜು ತೆರೆಯದೆಯೇ ಪಕ್ಕದಿಂದ ಶಾಯಿ ತುಂಬಿಸುವ ಏರ್ಪಾಡಿದೆ. ಮೇಲೆ ಗಡಿಯಾರ, ಅದಕ್ಕೆ ಎರಡು ಮುಖ. ಎದುರು ನಿಂತವನಿಗೂ ಗಂಟೆ ಕಾಣುತ್ತದೆ.

1763ರಲ್ಲಿ ಓಬೆನ್ ತೀರಿಕೊಂಡ. ಮೇಜು ಅರ್ಧಕ್ಕೆ ನಿಂತಿತು. ಅವನ ಕೈಕೆಳಗೆ ಕೆಲಸ ಮಾಡುತ್ತಿದ್ದ ಜಾನ್ ಹೆನ್ರಿ ರೀಸೆನರ್ ಕಾರ್ಖಾನೆ ನಡೆಸಿದ, 1767ರಲ್ಲಿ ಓಬೆನ್‌ನ ವಿಧವೆಯನ್ನೇ ಮದುವೆಯಾದ. ಮರುವರ್ಷ ಅವನಿಗೆ ಕುಶಲಕರ್ಮಿಗಳ ಸಂಘದಿಂದ ಉಸ್ತಾದನ ಪಟ್ಟ ಸಿಕ್ಕಿತು. 1769ರಲ್ಲಿ ಮೇಜು ಮುಗಿಯಿತು, ಒಂಬತ್ತು ವರ್ಷದ ಕೆಲಸ! ಬಣ್ಣಬಣ್ಣದ ಮರದ ತೆಳು ತುಂಡುಗಳನ್ನು ಕೂಡಿಸಿ ಚಿತ್ರ ಮಾಡುವ ಕಲೆಯಿದೆಯಲ್ಲ, ಆ ಚಿತ್ರದೊಳಗೇ ರೀಸೆನರ್ ತನ್ನ ಹೆಸರನ್ನೂ ವರ್ಷವನ್ನೂ ಮರದಲ್ಲಿ ಬರೆದಿಟ್ಟಿದ್ದಾನೆ. ಎರಡು ದಶಕ ಕಳೆದ ಮೇಲೆ ಕ್ರಾಂತಿ ಬಂತು. ಪೀಠೋಪಕರಣಗಳ ಮೇಲಿನ ರಾಜಲಾಂಛನ ಕಿತ್ತು ತೆಗೆಯುವ ಕೆಲಸ ಸಿಕ್ಕಿದ್ದು ಯಾರಿಗೆ? ಇದೇ ರೀಸೆನರ್‌ಗೆ. ತಾನೇ ಕೂಡಿಸಿದ್ದನ್ನು ತಾನೇ ಬಿಡಿಸಬೇಕು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮೇಜು ಮಾತ್ರ ಉಳಿಯಿತು, ಇವತ್ತಿಗೂ ವರ್ಸೈಯಲ್ಲಿದೆ. ಫೋಟೋಗಳಲ್ಲಿ ಎಲ್ಲರೂ ಅದರ ಹೊಳೆಯುವ ಕಂಚನ್ನೇ ತೋರಿಸುತ್ತಾರೆ. ಬೀಗದ ಒಳಗಿನ ಕೆಲಸವನ್ನು ಯಾರೂ ತೋರಿಸುವುದಿಲ್ಲ. ಇದು ಸರಿಯಲ್ಲ!

ಸಮಯ ಓಡುತ್ತಿದೆ. ಇಂಗ್ಲೆಂಡಿನ ಬಡಗಿ ಥಾಮಸ್ ಚಿಪೆಂಡೇಲ್ 1754ರಲ್ಲಿ ವಿನ್ಯಾಸಗಳ ಪುಸ್ತಕ ಅಚ್ಚು ಹಾಕಿಸಿದ. ಅದನ್ನು ನೋಡಿಕೊಂಡು ದೂರದೂರದ ಬಡಗಿಗಳು ಮೇಜು ಮಾಡಿದರು. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ವಿಲಿಯಂ ವೂಟನ್ 1874ರಲ್ಲಿ ಪೇಟೆಂಟ್ ಪಡೆದ ಮೇಜು ಬೀರುವಿನ ಹಾಗೆ ಎರಡೂ ಕಡೆ ತೆರೆಯುತ್ತಿತ್ತು, ಒಳಗೆ ನೂರಕ್ಕೂ ಹೆಚ್ಚು ಗೂಡು. ಮಡಿಚಿದ ಪತ್ರಗಳಿಗೆ ಗೂಡು ಬೇಕಿತ್ತು. ಟೈಪ್‌ರೈಟರ್ ಬಂದ ಮೇಲೆ ಕಾಗದ ಮಡಿಚದೆ ಫೈಲಿಗೆ ಹೋಯಿತು, ಗೂಡುಗಳು ಖಾಲಿಯಾದವು, ಮೇಜು ಮತ್ತೆ ಬರಿಯ ಹಲಗೆಯಾಯಿತು. ಆಮೇಲೆ ಉಕ್ಕಿನ ಮೇಜು. ಅದರ ಬಗ್ಗೆ ನನಗೆ ಹೇಳಲು ಹೆಚ್ಚೇನಿಲ್ಲ.

ನಿಮ್ಮೆದುರು ಯಾವ ಮೇಜಿದ್ದರೂ ಸರಿ, ಡ್ರಾಯರ್ ಎಳೆದು ನೋಡಿ. ಪೂರ್ತಿ ಹೊರಗೆ ತೆಗೆದು ತಿರುಗಿಸಿ. ಜೋಡಣೆ ಕೈಯದಾದರೆ ಅಳತೆ ಒಂದಿಷ್ಟು ಏರುಪೇರಿರುತ್ತದೆ, ಬಡಗಿ ಗೀಚಿದ ಗೆರೆ ಉಳಿದಿರುತ್ತದೆ. ಯಂತ್ರದ್ದಾದರೆ ಎಲ್ಲವೂ ಒಂದೇ ಸಮ. ತೇವದ ದಿನಗಳಲ್ಲಿ ಡ್ರಾಯರ್ ಬಿಗಿಯಾದರೆ ಕೂಡಲೇ ಹೆರೆಸಬೇಡಿ. ಹೆರೆದರೆ ಒಣಹವೆಯಲ್ಲಿ ಸಡಿಲವಾಗಿ ಲೊಡಲೊಡ ಎನ್ನುತ್ತದೆ. ಅದು ಜಾರುವ ಪಟ್ಟಿಗಳ ಮೇಲೆ ಮೇಣದ ಬತ್ತಿ ಉಜ್ಜಿ, ಹವೆ ಒಣಗುವವರೆಗೆ ಕಾಯಿರಿ.

ನಮಸ್ಕಾರ.